ದೋಣಿಗೂ ಬೇಕು ಪರವಾನಗಿ, ದಡದಲ್ಲಿ ಗಟ್ಟಿ ಗೂಟ

ಬಸ್ಸಿಗೆ ನಂಬರ್ ಪ್ಲೇಟ್ ಇರುತ್ತದೆ. ಚಾಲಕನ ಜೇಬಿನಲ್ಲಿ ಲೈಸೆನ್ಸ್ ಇರುತ್ತದೆ. ಒಳಗೆ ಎಷ್ಟು ಜನ ಕೂರಬಹುದೆಂದು ಬಣ್ಣದಲ್ಲಿ ಬರೆದಿರುತ್ತದೆ. ಶಾಲೆಯ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವಾಗ ಮುಖ್ಯೋಪಾಧ್ಯಾಯರು ಇವನ್ನೆಲ್ಲ ವಿಚಾರಿಸುತ್ತಾರೆ, ಪೋಷಕರೂ ಕೇಳುತ್ತಾರೆ. ಅದೇ ಬಸ್ಸು ಹೊಳೆಯ ದಡದಲ್ಲಿ ನಿಂತು, ಮಕ್ಕಳೆಲ್ಲ ಹೋ ಎಂದು ಇಳಿದು ದೋಣಿಯ ಕಡೆ ಓಡಿದಾಗ ಮಾತ್ರ ನಾವು ಕೇಳುವುದು ಒಂದೇ ಪ್ರಶ್ನೆ: "ತಲೆಗೆ ಎಷ್ಟು?"

ಚಾಮರಾಜನಗರದ ಬಳಿಯ ನಮ್ಮ ಬದನಗುಪ್ಪೆಯಂಥ ಮಳೆಯಾಶ್ರಿತ ಊರುಗಳ ಮಕ್ಕಳಿಗೆ ದೋಣಿ ದಿನನಿತ್ಯದ ವಸ್ತುವಲ್ಲ. ರೈಲಿನಲ್ಲಿ ನಂಜನಗೂಡು ದಾಟುವಾಗ ಕಿಟಕಿಯಿಂದ ಕಾಣುವ ಕಪಿಲೆಯೇ ಅವರಿಗೆ ದೊಡ್ಡ ಹೊಳೆ. ಹಾಗಾಗಿ ತಲಕಾಡಿನಲ್ಲೋ ತಿರುಮಕೂಡಲಿನಲ್ಲೋ ಹೊಗೇನಕಲ್ಲಿನಲ್ಲೋ ತೆಪ್ಪ ಕಂಡೊಡನೆ ಅವರಿಗೆ ಹಬ್ಬ. ಈಜು ಬಾರದ ಮಕ್ಕಳೇ ಹೆಚ್ಚು. ಬಯಲುಸೀಮೆಯ ಪೋಷಕರೂ ಶಿಕ್ಷಕರೂ ದೋಣಿಯ ವಿಷಯ ಚೆನ್ನಾಗಿ ತಿಳಿದಿರಬೇಕಾದದ್ದು ಈ ಕಾರಣಕ್ಕೆ. ದೋಣಿ ನಡೆಸಲು ಯಾರ ಅನುಮತಿ ಬೇಕು? ಅದನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು? ಎಷ್ಟು ಜನ ಹತ್ತಬಹುದು? ಇವಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲೂ ಇದೆ, ಒಂಬತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲೂ ಇದೆ.

ಹೊಳೆ ಯಾರದು?

ನಮ್ಮ ಸಂವಿಧಾನ ನದಿಯ ಸಂಚಾರವನ್ನು ಮೂರು ಕಡೆ ಹಂಚಿದೆ. ಸಂಸತ್ತು ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದ ನೀರಿನಲ್ಲಿ ಯಂತ್ರಚಾಲಿತ ನೌಕೆಗಳ ಸಂಚಾರ ಕೇಂದ್ರದ ಪಟ್ಟಿಯಲ್ಲಿದೆ. ಉಳಿದ ಒಳನಾಡು ನೀರಿನಲ್ಲಿ ಯಂತ್ರದ ದೋಣಿಗಳ ವಿಷಯ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ್ದು. ಕಡವುಗಳು, ಅಂದರೆ ಹೊಳೆ ದಾಟಿಸುವ ತಾಣಗಳು, ರಾಜ್ಯದ ಪಟ್ಟಿಗೆ ಸೇರಿವೆ. ಇಷ್ಟೇ ಅಲ್ಲ, ಪಂಚಾಯತಿಗಳಿಗೆ ವಹಿಸಿಕೊಡಬಹುದಾದ ಕೆಲಸಗಳ ಪಟ್ಟಿಯಾದ ಹನ್ನೊಂದನೆಯ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆಗಳ ಜೊತೆಗೆ ಕಡವು ಮತ್ತು ಜಲಮಾರ್ಗಗಳನ್ನೂ ಹೆಸರಿಸಲಾಗಿದೆ. ಆದ್ದರಿಂದ "ತೆಪ್ಪದ ವಿಷಯ ನಮಗೆ ಬರುವುದಿಲ್ಲ" ಎಂದು ಯಾವ ಮಟ್ಟದ ಸರ್ಕಾರವೂ ಸುಲಭವಾಗಿ ಹೇಳುವಂತಿಲ್ಲ.

ಈ ವಿಷಯದ ಹಳೆಯ ಕಾನೂನು 1917ರದು. ಹೆಸರೇ ಹೇಳುವಂತೆ ಅದು ಹಬೆಯಿಂದ ಓಡುವ ನೌಕೆಗಳಿಗಾಗಿ ಬ್ರಿಟಿಷರು ಮಾಡಿದ್ದು. ಕಾಲಕಾಲಕ್ಕೆ ತಿದ್ದುಪಡಿಯಾದರೂ ಶತಮಾನಕ್ಕೂ ಹೆಚ್ಚು ಕಾಲ ಅದೇ ನಡೆಯಿತು. ಒಂದು ರಾಜ್ಯದಲ್ಲಿ ನೋಂದಾಯಿಸಿದ ದೋಣಿ ಪಕ್ಕದ ರಾಜ್ಯದ ನೀರಿಗೆ ಇಳಿಯಬೇಕಾದರೆ ಮತ್ತೆ ಅನುಮತಿ ಪಡೆಯಬೇಕಿತ್ತು. 2021ರಲ್ಲಿ ಸಂಸತ್ತು ಹೊಸ ಒಳನಾಡು ನೌಕೆಗಳ ಕಾಯ್ದೆಯನ್ನು ಅಂಗೀಕರಿಸಿತು. ಅದು 2022ರಲ್ಲಿ ಜಾರಿಗೆ ಬಂತು.

ಹೊಸ ಕಾಯ್ದೆಯ ಪ್ರಕಾರ ಯಂತ್ರದ ದೋಣಿಗೆ ಮುಖ್ಯವಾಗಿ ನಾಲ್ಕು ಕಾಗದಗಳು ಬೇಕು. ಮೊದಲನೆಯದು ತಪಾಸಣಾ ಪ್ರಮಾಣಪತ್ರ: ದೋಣಿಯ ಒಡಲು, ಯಂತ್ರ, ಜೀವರಕ್ಷಕ ಸಾಮಗ್ರಿಗಳನ್ನು ಸರ್ಕಾರದ ಸರ್ವೇಯರ್ ಪರೀಕ್ಷಿಸಿದ್ದಕ್ಕೆ ಇದು ಸಾಕ್ಷಿ. ಎರಡನೆಯದು ನೋಂದಣಿ: ಬಸ್ಸಿನ ನಂಬರಿನಂತೆ ನೋಂದಣಿಯ ಗುರುತು ದೋಣಿಯ ಮೈಮೇಲೆ ಎದ್ದು ಕಾಣಬೇಕು. ಮೂರನೆಯದು ನಡೆಸುವವನ ಅರ್ಹತಾ ಪತ್ರ. ನಾಲ್ಕನೆಯದು ವಿಮೆ. ಒಂದು ರಾಜ್ಯದ ನೋಂದಣಿ ಈಗ ಇಡೀ ದೇಶಕ್ಕೆ ಸಲ್ಲುತ್ತದೆ. ಅಲೆಗಳ ಎತ್ತರವನ್ನು ನೋಡಿ ಒಳನಾಡಿನ ನೀರನ್ನು ವಲಯಗಳಾಗಿ ವಿಂಗಡಿಸುವ ಏರ್ಪಾಡೂ ಇದೆ. ಶಾಂತವಾದ ಹಿನ್ನೀರಿಗೆ ಸರಿಹೊಂದುವ ದೋಣಿ ಅಳಿವೆಯ ಅಲೆಗೆ ಸರಿಹೊಂದಬೇಕೆಂದಿಲ್ಲವಲ್ಲ! ಹುಟ್ಟು ಹಾಕಿ ನಡೆಸುವ, ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಕಾಯ್ದೆಯಲ್ಲಿ ಬೇರೆ ಅಧ್ಯಾಯವಿದ್ದು, ಆ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ.

ಕಪಿಲೆಯೂ ಒಂದು ಹೆದ್ದಾರಿ

2016ರಲ್ಲಿ ಸಂಸತ್ತು ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ಮಾಡಿದಾಗ ದೇಶದ ಜಲಮಾರ್ಗಗಳ ಸಂಖ್ಯೆ 5ರಿಂದ 111ಕ್ಕೆ ಏರಿತು. ಆ ಪಟ್ಟಿಯಲ್ಲಿ ನಮ್ಮ ಕಪಿಲೆಯೂ ಇದೆ ಎಂದರೆ ಮಕ್ಕಳು ನಂಬುವುದಿಲ್ಲ. ಕಬಿನಿ ನದಿ 51ನೆಯ ರಾಷ್ಟ್ರೀಯ ಜಲಮಾರ್ಗ. ಬೀಚನಹಳ್ಳಿಯ ಅಣೆಕಟ್ಟೆಯ ಹಿನ್ನೀರಿನ ಸುಮಾರು 23 ಕಿಲೋಮೀಟರ್ ಇದರಲ್ಲಿ ಸೇರಿದೆ. ಕಾಳಿ 52ನೆಯದು, ಕಾವೇರಿ–ಕೊಳ್ಳಿಡಂ 55ನೆಯದು. ಶರಾವತಿ, ನೇತ್ರಾವತಿ, ತುಂಗಭದ್ರಾ, ಮಲಪ್ರಭಾ, ಘಟಪ್ರಭಾ, ಭೀಮಾ ಕೂಡ ಪಟ್ಟಿಯಲ್ಲಿವೆ.

ಹಾಗೆಂದು ನಂಜನಗೂಡಿನಲ್ಲಿ ದೋಣಿ ಹತ್ತಿ ಸಮುದ್ರಕ್ಕೆ ಹೋಗಲಾಗದು. ದಾರಿಯುದ್ದಕ್ಕೂ ಒಡ್ಡು, ಅಣೆಕಟ್ಟೆ, ಬಂಡೆ. ಶಿವನಸಮುದ್ರದಲ್ಲಿ ಕಾವೇರಿಯೇ ಧುಮುಕುತ್ತಾಳೆ. ಮಳೆಗಾಲದಲ್ಲಿ ತುಂಬಿ ಹರಿಯುವ ನೀರು ಬೇಸಿಗೆಯಲ್ಲಿ ಮೊಣಕಾಲಿಗೆ ಇಳಿಯುತ್ತದೆ. ನಮ್ಮ ಸೀಮೆಯ ಹಿರಿಯರು ಹೊಳೆಯುದ್ದಕ್ಕೂ ಪಯಣಿಸಲಿಲ್ಲ, ಅಡ್ಡವಾಗಿ ದಾಟಿದರು. ಮೈಸೂರಿನ ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ನಂಜನಗೂಡಿನ ಬಳಿ ಕಪಿಲೆಗೆ ಕಲ್ಲಿನ ಸೇತುವೆ ಕಟ್ಟಿದರು. ಅಂಥ ಸೇತುವೆಯಿಲ್ಲದ ನೂರಾರು ಕಡೆ ತೆಪ್ಪವೇ ಸೇತುವೆಯಾಗಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬೆತ್ತದಲ್ಲಿ ಹೆಣೆದು ಹೊರಗೆ ಚರ್ಮ ಹೊದಿಸಿದ ಆ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನು ಸಹ ದಾಟಿಸುತ್ತಿದ್ದವಂತೆ. ಐನೂರು ವರ್ಷಗಳಲ್ಲಿ ಚರ್ಮ ಹೋಗಿ ಡಾಂಬರು ಬಳಿದ ಹೊದಿಕೆ ಬಂತು, ಕೆಲವೆಡೆ ಫೈಬರ್ ಬಂತು. ಆಕಾರ ಮಾತ್ರ ಅದೇ.

ಇಂದು ಕಬಿನಿಯ ಹಿನ್ನೀರಿನಲ್ಲಿ ದೋಣಿ ಬಿಡಬೇಕೆನ್ನುವವರು ಒಂದೇ ಕಚೇರಿಗೆ ಹೋದರೆ ಸಾಲದು. ಜಲಾಶಯ ಇರುವುದು ನೀರಾವರಿಗಾಗಿ. ಅಕ್ಕಪಕ್ಕ ನಾಗರಹೊಳೆ, ಬಂಡೀಪುರದ ಕಾಡು, ಆದ್ದರಿಂದ ಅರಣ್ಯ ಇಲಾಖೆಯ ಮಾತೂ ನಡೆಯಬೇಕು. ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇರೆ. ಹೀಗೆ ಹಲವು ಬಾಗಿಲು ಇರುವಾಗ, ಎಲ್ಲರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವ ಅಪಾಯವೂ ಇದೆ.

ತೆಪ್ಪದ ಲೆಕ್ಕ

ವಿದ್ಯಾರ್ಥಿಗಳೇ, ಈಗ ಕಾನೂನನ್ನು ಪಕ್ಕಕ್ಕಿಟ್ಟು ಆರ್ಕಿಮಿಡೀಸನ ಬಳಿಗೆ ಹೋಗೋಣ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎರಡು ಮೀಟರ್ ವ್ಯಾಸದ ತೆಪ್ಪವೊಂದನ್ನು ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಅದರ ತಳ ಚಪ್ಪಟೆ, ಅಂಚು ನೇರ, ಅಂಚಿನ ಎತ್ತರ 45 ಸೆಂಟಿಮೀಟರ್ ಎಂದುಕೊಳ್ಳೋಣ. ತಳದ ವಿಸ್ತೀರ್ಣ 3.14 ಚದರ ಮೀಟರ್. ತೆಪ್ಪ ಒಂದು ಸೆಂಟಿಮೀಟರ್ ಮುಳುಗಿದರೆ ಸುಮಾರು 31 ಲೀಟರ್ ನೀರು ಸರಿಯುತ್ತದೆ. ಅಂದರೆ ಪ್ರತಿ 31 ಕಿಲೋ ಭಾರಕ್ಕೆ ತೆಪ್ಪ ಒಂದು ಸೆಂಟಿಮೀಟರ್ ಇಳಿಯುತ್ತದೆ.

ತೆಪ್ಪದ ತೂಕ 60 ಕಿಲೋ, ಅಂಬಿಗನದು 60 ಕಿಲೋ, ತಲಾ 40 ಕಿಲೋದ ಆರು ಮಕ್ಕಳು. ಒಟ್ಟು 360 ಕಿಲೋ. ತೆಪ್ಪ ಹನ್ನೊಂದೂವರೆ ಸೆಂಟಿಮೀಟರ್ ಮುಳುಗಿತು. ನೀರಿನ ಮೇಲೆ ಉಳಿದ ಅಂಚು ಸುಮಾರು 33 ಸೆಂಟಿಮೀಟರ್. ಈಗ ಆರರ ಬದಲು ಹದಿನಾಲ್ಕು ಮಕ್ಕಳನ್ನು ಹತ್ತಿಸಿ. ಒಟ್ಟು 680 ಕಿಲೋ. ಉಳಿದ ಅಂಚು ಸುಮಾರು 23 ಸೆಂಟಿಮೀಟರ್.

"ಇನ್ನೂ 23 ಸೆಂಟಿಮೀಟರ್ ಇದೆಯಲ್ಲ ಸಾರ್, ಭಯವೇನು?" ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಭಯವಿರುವುದು ವಾಲುವಿಕೆಯಲ್ಲಿ. ತೆಪ್ಪದ ನಡುವಿನಿಂದ ಅಂಚಿಗೆ ಒಂದು ಮೀಟರ್. ಹದಿನಾಲ್ಕು ಮಕ್ಕಳ ತೆಪ್ಪ ಒಂದು ಕಡೆಗೆ 13 ಡಿಗ್ರಿ ವಾಲಿದರೆ ಸಾಕು, ಅಂಚು ನೀರನ್ನು ಮುಟ್ಟುತ್ತದೆ. ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷಕ್ಕೆ 12 ಡಿಗ್ರಿ ತಿರುಗುತ್ತದೆ. ಅದಕ್ಕಿಂತ ತುಸು ಹೆಚ್ಚು, ಅಷ್ಟೆ! ಆರು ಮಕ್ಕಳಿದ್ದಾಗ 19 ಡಿಗ್ರಿಯವರೆಗೆ ಅವಕಾಶವಿತ್ತು. ಹತ್ತಿದವರು ಹೆಚ್ಚಾದಷ್ಟೂ ಉಳಿದ ಅಂಚು ಕಡಿಮೆಯಾಗುತ್ತದೆ. ಜೊತೆಗೆ "ಅಗೋ ಮೊಸಳೆ" ಎಂದು ಎಲ್ಲರೂ ಒಂದೇ ಕಡೆಗೆ ಬಾಗಿದಾಗ ವಾಲಿಸುವ ಭಾರ ಹೆಚ್ಚುತ್ತದೆ. ಎದ್ದು ನಿಂತರಂತೂ ಗುರುತ್ವ ಕೇಂದ್ರ ಮೇಲೇರಿ, ವಾಲಿದ ತೆಪ್ಪ ತಾನಾಗಿ ನೆಟ್ಟಗಾಗುವ ಶಕ್ತಿ ಕುಂದುತ್ತದೆ. ನಿಜವಾದ ತೆಪ್ಪದ ಅಂಚು ಬಾಗಿರುವುದರಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ, ನೀತಿ ಬದಲಾಗುವುದಿಲ್ಲ. ಮನೆಯಲ್ಲಿ ಬಾಣಲೆಯೊಂದನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಒಳಗೆ ಗೋಲಿ ಹಾಕಿ ನೋಡಿ. ಗೋಲಿಗಳೆಲ್ಲ ಒಂದೇ ಕಡೆಗೆ ಉರುಳಿದಾಗ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹಡಗಿನ ಮೈಮೇಲೆ "ಇಷ್ಟೇ ಮುಳುಗಬಹುದು" ಎಂಬ ಗೆರೆ ಎಳೆಯುವ ಪದ್ಧತಿ ಇದೇ ತತ್ವದ್ದು. ಹೆಚ್ಚು ಸರಕು ತುಂಬಿ ನಾವಿಕರನ್ನು ಬಲಿಕೊಡುತ್ತಿದ್ದ ಹಡಗು ಮಾಲೀಕರ ವಿರುದ್ಧ ಇಂಗ್ಲೆಂಡಿನ ಸಂಸತ್ ಸದಸ್ಯ ಸ್ಯಾಮ್ಯುಯಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ 1876ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಇಂದಿಗೂ ಅದನ್ನು ಪ್ಲಿಮ್ಸಾಲ್ ಗೆರೆ ಎನ್ನುತ್ತಾರೆ. ನಮ್ಮ ತೆಪ್ಪಗಳಿಗೂ ಒಂದು ಬಿಳಿಯ ಗೆರೆ ಬಳಿದರೆ ಎಷ್ಟು ಖರ್ಚಾದೀತು?

ಗೂಟ, ಹಗ್ಗ ಮತ್ತು ಏರುವ ನೀರು

ದೋಣಿಯ ಅವಘಡಗಳು ನಡುಹೊಳೆಯಲ್ಲೇ ಆಗಬೇಕೆಂದಿಲ್ಲ. ಹತ್ತುವಾಗ, ಇಳಿಯುವಾಗಲೂ ಅಪಾಯವಿದೆ. ಒಂದು ಕಾಲು ದಡದಲ್ಲಿ, ಒಂದು ಕಾಲು ದೋಣಿಯಲ್ಲಿ ಇದ್ದಾಗ ದೋಣಿ ಹಿಂದೆ ಸರಿದರೆ ಮನುಷ್ಯ ನಡುವೆ ಬೀಳುತ್ತಾನೆ. ನ್ಯೂಟನ್ನನ ಮೂರನೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು. ಕಾಲು ದಡಕ್ಕೆ ಹಾರುವಾಗ ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ದೋಣಿಯನ್ನು ಕಟ್ಟುವ ತಾಣ, ಅಲ್ಲಿಯ ಗೂಟ, ಹಗ್ಗ ಇವೂ ಸುರಕ್ಷತೆಯ ಭಾಗವೇ.

ಅನುಭವಿ ಅಂಬಿಗ ಹಗ್ಗವನ್ನು ಮರಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಮಗನ ಕೈಗೆ ಕೊಡುತ್ತಾನೆ. ಚಿಕ್ಕ ಹುಡುಗ ದೊಡ್ಡ ದೋಣಿಯನ್ನು ಹಿಡಿದು ನಿಲ್ಲುತ್ತಾನೆ. ಇದು ಮಾಯವಲ್ಲ, ಘರ್ಷಣೆ. ಹಗ್ಗಕ್ಕೂ ಮರಕ್ಕೂ ನಡುವಿನ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು ಆರೂವರೆ ಪಟ್ಟು ಹೆಚ್ಚುತ್ತದೆ. ಎರಡು ಸುತ್ತಿಗೆ ಅದು ಹದಿಮೂರು ಪಟ್ಟಲ್ಲ, ಆರೂವರೆಯನ್ನು ಆರೂವರೆಯಿಂದ ಗುಣಿಸಿದಷ್ಟು, ಅಂದರೆ ನಲವತ್ತಕ್ಕೂ ಮಿಕ್ಕಿ! ಐದು ಕಿಲೋದಷ್ಟು ಬಲದಿಂದ ತುದಿ ಹಿಡಿದ ಹುಡುಗ ಇನ್ನೂರು ಕಿಲೋದ ಸೆಳೆತವನ್ನು ತಡೆಯಬಲ್ಲ. ಆದರೆ ಹೊಳೆಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಸೆಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು.

ನಮ್ಮ ನದಿಗಳಲ್ಲಿ ಇನ್ನೊಂದು ತೊಡಕಿದೆ. ಮೇಲೆ ಅಣೆಕಟ್ಟೆಯ ಬಾಗಿಲು ತೆರೆದರೆ ಕೆಳಗೆ ಮಳೆಯಿಲ್ಲದಿದ್ದರೂ ನೀರು ಏರುತ್ತದೆ. ಗಿಡ್ಡ ಹಗ್ಗದಲ್ಲಿ ಬಿಗಿದು ಕಟ್ಟಿದ ದೋಣಿ ಏರುವ ನೀರಿನೊಡನೆ ಏರಲಾರದೆ ಅಲ್ಲೇ ಮುಳುಗುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ, ಕೃಷ್ಣರಾಜಸಾಗರಗಳಿಂದ ಬಿಟ್ಟ ನೀರು ನಮ್ಮ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಹಳೇ ಹಂಪಾಪುರ, ಮುಳ್ಳೂರಿನಂಥ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಹೊಗೇನಕಲ್ಲಿನಲ್ಲಿ ಒಳಹರಿವು ಹೆಚ್ಚಾದೊಡನೆ ತೆಪ್ಪಗಳನ್ನು ನಿಲ್ಲಿಸಲು ಧರ್ಮಪುರಿ ಜಿಲ್ಲಾಡಳಿತ ಆಜ್ಞೆ ಹೊರಡಿಸುವುದು ಇದಕ್ಕೇ.

ನೀರು ಇಳಿದರೂ ಕಷ್ಟವೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದ ತುಮರಿ ಕಡೆಯ ಜನರಿಗೂ ಸಿಗಂದೂರಿನ ಭಕ್ತರಿಗೂ ದಶಕಗಳ ಕಾಲ ಲಾಂಚೇ ದಾರಿಯಾಗಿತ್ತು. ಬೇಸಿಗೆಯಲ್ಲಿ ನೀರು ತಗ್ಗಿ ಲಾಂಚು ದಡಕ್ಕೆ ಸರಿಯಾಗಿ ತಾಗದಾದಾಗ ವಾಹನಗಳನ್ನು ಹತ್ತಿಸುವುದು ನಿಂತುಹೋಗುತ್ತಿತ್ತು. ನಡುವೆ ಬೇಕಾದಷ್ಟು ನೀರಿದ್ದರೂ ದಡ ಸರಿಯಿಲ್ಲದೆ ಪಯಣವಿಲ್ಲ! 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆದು ಆ ಬವಣೆ ತೀರಿತು.

ಇಂಗ್ಲೆಂಡಿನ ಕಾಲುವೆಗಳಲ್ಲಿ

ಹೊರಗಿನವರು ಇದನ್ನು ಹೇಗೆ ನಡೆಸುತ್ತಾರೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಿದ ಕಾಲುವೆಗಳು ಇಂದಿಗೂ ಇವೆ. ಸುಮಾರು 3,200 ಕಿಲೋಮೀಟರ್ ಉದ್ದದ ಕಾಲುವೆ ಮತ್ತು ನದಿಗಳನ್ನು 2012ರಿಂದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಏಳು ಅಡಿಯಷ್ಟೇ ಅಗಲದ ಉದ್ದನೆಯ ದೋಣಿಗಳಲ್ಲಿ ಜನ ರಜೆ ಕಳೆಯುತ್ತಾರೆ. ದೋಣಿಯನ್ನೇ ಮನೆ ಮಾಡಿಕೊಂಡವರೂ ಸಾವಿರಾರು ಮಂದಿ ಇದ್ದಾರೆ.

ಅಲ್ಲಿ ದೋಣಿಗೆ ಪರವಾನಗಿ ಬೇಕಾದರೆ ಮೂರು ವಿಷಯ ತೋರಿಸಬೇಕು. ದೋಣಿ ಸುರಕ್ಷಿತವೆಂಬ ಪ್ರಮಾಣಪತ್ರ, ಇದನ್ನು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಪಡೆಯಬೇಕು. ಎರಡನೆಯದು ವಿಮೆ. ಮೂರನೆಯದು ದೋಣಿ ಕಟ್ಟಲು ಸ್ವಂತದ ಒಂದು ಜಾಗ. ಜಾಗವಿಲ್ಲದವರು ಸದಾ ಸಂಚರಿಸುತ್ತಿರಬೇಕು. 1995ರ ಕಾಯ್ದೆಯಂತೆ ಅಂಥ ದೋಣಿ ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಆದರೆ ಥೇಮ್ಸ್ ನದಿಯ ಬಹುಭಾಗಕ್ಕೆ ಬೇರೆಯೇ ಸಂಸ್ಥೆ, ಬೇರೆಯೇ ನೋಂದಣಿ. ಹಲವು ಬಾಗಿಲು ತಟ್ಟುವ ಕಷ್ಟ ಅವರಿಗೂ ತಪ್ಪಿಲ್ಲ. ಆದರೂ ದೋಣಿ ಎಲ್ಲಿ ನಿಲ್ಲಬೇಕೆಂಬುದನ್ನೂ ಪರವಾನಗಿಯ ಭಾಗವನ್ನಾಗಿ ಮಾಡಿದ್ದು ನಾವು ಗಮನಿಸಬೇಕಾದ ಸಂಗತಿ.

ಮಕ್ಕಳು ತೆತ್ತ ಬೆಲೆ

ಕಾಗದಪತ್ರದ ಈ ಮಾತು ಕೆಲವರಿಗೆ ಬೇಸರ ತಂದೀತು. ಆದರೆ ಈ ಪಟ್ಟಿ ನೋಡಿ. 2007ರ ಫೆಬ್ರವರಿ 20, ಕೇರಳದ ತಟ್ಟೇಕ್ಕಾಡ್: ಪೆರಿಯಾರ್ ನದಿಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕಿಯರು ಸತ್ತರು. 2009ರ ಸೆಪ್ಟೆಂಬರ್ 30, ತೇಕ್ಕಡಿ: ಪ್ರವಾಸಿಗಳ ದೋಣಿ ಮಗುಚಿ 45 ಸಾವು. 2019ರ ಜನವರಿ 21, ನಮ್ಮ ಕಾರವಾರ: ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7, ಕೇರಳದ ತಾನೂರು: ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಸಾವು. 2024ರ ಜನವರಿ 18, ಗುಜರಾತಿನ ವಡೋದರದ ಹರಣಿ ಕೆರೆ: 12 ವಿದ್ಯಾರ್ಥಿಗಳು, 2 ಶಿಕ್ಷಕಿಯರು. ಅಂದು ದೋಣಿಯಲ್ಲಿದ್ದ ಎಲ್ಲ ಮಕ್ಕಳಿಗೂ ಲೈಫ್ ಜಾಕೆಟ್ ತೊಡಿಸಿರಲಿಲ್ಲ.

ಇವುಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ಮಿತಿಮೀರಿದ ಜನ, ಇಲ್ಲವೇ ತೊಡದ ಜಾಕೆಟ್. ಕಾಯ್ದೆ ಇರಲಿಲ್ಲವೆಂದಲ್ಲ. ದಡದಲ್ಲಿ ನಿಂತು "ಸಾಕು" ಎನ್ನುವವರು ಇರಲಿಲ್ಲ.

ಅಂಬಿಗನ ಮಾತು

ಹಾಗೆಂದು ತೆಪ್ಪದವರನ್ನೆಲ್ಲ ಅಪರಾಧಿಗಳಂತೆ ಕಾಣುವುದು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ನಿಷ್ಠುರ ವಚನಕಾರನನ್ನು ಕೊಟ್ಟ ಕಾಯಕ ಇದು. ಕೆಲವು ವರ್ಷಗಳ ಹಿಂದೆ ಮಕ್ಕಳೊಂದಿಗೆ ಕಾವೇರಿ ತೀರಕ್ಕೆ ಹೋಗಿದ್ದಾಗ, ಒಂದೇ ಸಲಕ್ಕೆ ಹೆಚ್ಚು ಮಕ್ಕಳನ್ನು ಕಳಿಸಿ ಬೇಗ ಮುಗಿಸೋಣವೆಂದು ನಮ್ಮ ಜೊತೆಯವರೊಬ್ಬರು ಅವಸರ ಮಾಡಿದರು. ಮುದುಕ ಅಂಬಿಗ ಹುಟ್ಟನ್ನು ಕೆಳಗಿಟ್ಟುಬಿಟ್ಟ. "ಇನ್ನೊಂದ್ ಮಗ ಹತ್ತುದ್ರ ನಾ ಹುಟ್ಟು ಹಾಕಲ್ಲ ಮೇಷ್ಟ್ರೇ. ಎಲ್ಡು ಸಲ ಬತ್ತೀನಿ, ಬುಡಿ" ಎಂದ. ಆತನಿಗೆ ಆರ್ಕಿಮಿಡೀಸ್ ಗೊತ್ತಿರಲಿಲ್ಲ, ಆದರೆ ಆರ್ಕಿಮಿಡೀಸ್ ಹೇಳಿದ್ದು ಗೊತ್ತಿತ್ತು.

ಅಂಥವರ ಕೈಗೆ ಒಂದು ಗುರುತಿನ ಚೀಟಿ, ತೆಪ್ಪಕ್ಕೊಂದು ನಂಬರು, ಹತ್ತು ಒಳ್ಳೆಯ ಜಾಕೆಟ್, ಅಗ್ಗದ ವಿಮೆ ಸಿಗುವಂತಾಗಬೇಕು. ಪರವಾನಗಿ ಎಂಬುದು ದಂಡ ಹಾಕುವ ಕೋಲು ಮಾತ್ರವಾದರೆ ಬಡ ಅಂಬಿಗ ಕದ್ದುಮುಚ್ಚಿ ತೆಪ್ಪ ಬಿಡುತ್ತಾನೆ. ಅದೇ ಅವನಿಗೆ ರಕ್ಷಣೆಯೂ ಆದರೆ ತಾನಾಗಿ ಬಂದು ಬರೆಸಿಕೊಳ್ಳುತ್ತಾನೆ. ತೆಪ್ಪಗಳು ಬೆರಳೆಣಿಕೆಯಷ್ಟಿರುವ ಊರಿನಲ್ಲಿ ಗ್ರಾಮ ಪಂಚಾಯತಿಗೆ ಇದು ಒಂದು ದಿನದ ಕೆಲಸ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಗಾದೆ ಇದೆ. ದಾಟುವ ಮುನ್ನ ಅವನ ಯೋಗಕ್ಷೇಮ ವಿಚಾರಿಸಿದರೆ ನಮ್ಮದೂ ಅದರಲ್ಲಿ ಸೇರಿರುತ್ತದೆ.

ಪೋಷಕರಿಗೆ ಕೊನೆಯದಾಗಿ ಒಂದು ಮಾತು. ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ "ದೋಣಿ ವಿಹಾರ ಉಂಟೇ?" ಎಂದು ಕೇಳಿ. ಉಂಟು ಎಂದರೆ ಕೆಳಗಿನ ಏಳು ಪ್ರಶ್ನೆಗಳ ಚೀಟಿಯನ್ನು ಶಿಕ್ಷಕರ ಕೈಗೆ ಕೊಡಿ. ಒಳ್ಳೆಯ ಶಿಕ್ಷಕರು ಬೇಸರಪಡುವುದಿಲ್ಲ.

ದೋಣಿ ಹತ್ತುವ ಮುನ್ನ

1. ಯಂತ್ರದ ದೋಣಿಯಾದರೆ ಮೈಮೇಲೆ ನೋಂದಣಿಯ ಗುರುತು ಇದೆಯೇ? ನಡೆಸುವವನ ಬಳಿ ಅರ್ಹತಾ ಪತ್ರವಿದೆಯೇ?

2. ಎಷ್ಟು ಜನ ಹತ್ತಬಹುದೆಂದು ಬರೆದಿದೆಯೇ? ಬರೆದಿಲ್ಲವಾದರೆ ಅಂಬಿಗನನ್ನು ಕೇಳಿ, ಅವನು ಹೇಳಿದ್ದಕ್ಕಿಂತ ಒಬ್ಬರನ್ನೂ ಹೆಚ್ಚು ಹತ್ತಿಸಬೇಡಿ.

3. ಪ್ರತಿಯೊಬ್ಬರಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್ ಇದೆಯೇ? ಅದು ಮೂಲೆಯಲ್ಲಿ ರಾಶಿ ಬಿದ್ದಿರದೆ ಮೈಮೇಲೆ, ಗುಂಡಿ ಬಿಗಿದು ಇರಬೇಕು.

4. ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ ಇದೆಯೇ? ನೀರು ಕೆಂಪಾಗಿದ್ದರೆ, ಕಸಕಡ್ಡಿ ತೇಲಿಬರುತ್ತಿದ್ದರೆ ಹತ್ತಲೇಬೇಡಿ.

5. ಹತ್ತುವಾಗ, ಇಳಿಯುವಾಗ ದೋಣಿಯನ್ನು ಹಗ್ಗದಿಂದ ಕಟ್ಟಿದ್ದಾರೆಯೇ? ಒಬ್ಬೊಬ್ಬರಾಗಿ, ನಡುಭಾಗಕ್ಕೆ ಕಾಲಿಟ್ಟು ಕುಳಿತುಕೊಳ್ಳಿ.

6. ಗಾಳಿ ಬೀಸುತ್ತಿದೆಯೇ? ಕತ್ತಲಾಗುತ್ತಿದೆಯೇ? ಹಾಗಿದ್ದರೆ ನಾಳೆಯೂ ಹೊಳೆ ಅಲ್ಲೇ ಇರುತ್ತದೆ.

7. ನಡುನೀರಿನಲ್ಲಿ ಯಾರೂ ಎದ್ದು ನಿಲ್ಲಬಾರದು, ಫೋಟೋಗಾಗಿಯಂತೂ ಖಂಡಿತ ಕೂಡದು. ಇದನ್ನು ಹತ್ತುವ ಮೊದಲೇ ಮಕ್ಕಳಿಗೆ ಹೇಳಿದ್ದೀರಾ?